ಬಣ್ಣ ಬಳಿಯದ ಮರ

ಕೇಳುಗರಿಗೆ ನಮಸ್ಕಾರ.

ಜರ್ಮನಿಯ ರೋಥೆನ್‌ಬುರ್ಗ್ ಊರಿನಲ್ಲಿ ಸಂತ ಯಾಕೋಬರ ಚರ್ಚಿದೆ. ಅಲ್ಲೊಂದು ಮರದ ಬಲಿಪೀಠ, ಅಂದರೆ ಪೂಜೆಯ ಮೇಜಿನ ಹಿಂದೆ ನಿಲ್ಲಿಸುವ ಕೆತ್ತನೆಯ ಗೂಡು, ಸುಮಾರು 9 ಮೀಟರ್ ಎತ್ತರ. ಅದರ ನಡುವೆ ಕೆತ್ತಿರುವುದು ಯೇಸುವಿನ ಕಡೆಯ ಭೋಜನ. ನಾವು ನೋಡಿರುವ ಇಂಥ ಚಿತ್ರಗಳಲ್ಲಿ ಮಧ್ಯದಲ್ಲಿ ಯೇಸುವೇ ಇರುತ್ತಾನೆ, ಅಲ್ವಾ? ಇಲ್ಲಿ ನಟ್ಟನಡುವೆ ನಿಂತಿರುವವನು ಯೂದ. ಗುರುವನ್ನು ಹಿಡಿದುಕೊಟ್ಟವನು. ಕೈಯಲ್ಲಿ ಹಣದ ಚೀಲ. ಅವನ ಮೂರ್ತಿಯೊಂದನ್ನು ಬೇರೆಯಾಗಿಯೇ ಕೆತ್ತಿ ಕೂರಿಸಿದ್ದಾರೆ, ಬೇಕೆಂದರೆ ಎತ್ತಿ ತೆಗೆಯಬಹುದು. ತೆಗೆದರೆ ಅವನ ಮರೆಯಲ್ಲಿದ್ದ ಶಿಷ್ಯ ಯೋಹಾನ ಕಾಣುತ್ತಾನೆ, ಯೇಸುವಿನ ಮಡಿಲಲ್ಲಿ ತಲೆಯಿಟ್ಟು ಒರಗಿದ್ದಾನೆ.

ಇದನ್ನು ಕೆತ್ತಿದವನು ವೂರ್ಟ್ಸ್‌ಬುರ್ಗ್‌ನ ಟಿಲ್ಮಾನ್ ರೀಮನ್‌ಷ್ನೈಡರ್. ಕಾಲ 1501ರಿಂದ 1505. ಆದರೆ ಮೊದಲು ಕೆಲಸ ಸಿಕ್ಕಿದ್ದು ಅವನಿಗಲ್ಲ, ಎರ್ಹಾರ್ಟ್ ಹಾರ್ಷ್ನರ್ ಎಂಬ ಬಡಗಿಗೆ, 1499ರಲ್ಲಿ. ಮೂರ್ತಿ ನಿಲ್ಲುವ ಗೂಡು, ಕದ, ಬಳ್ಳಿಯಂತೆ ಮೇಲಕ್ಕೆ ಚಿಗುರುವ ಕಂಬಗಳು, ಎಲ್ಲ ಅವನ ಕೈಕೆಲಸ. ಮಜಾ ಇರುವುದು ಗೂಡಿನ ಹಿಂಬದಿಯಲ್ಲಿ. ಅಲ್ಲಿ ಹಲಗೆ ಬಡಿದು ಮುಚ್ಚಿಲ್ಲ, ಗಾಜಿನ ಕಿಟಕಿ ಇಟ್ಟಿದ್ದಾರೆ. ಹಿಂದಿನಿಂದ ಬೆಳಕು ಬಂದು ಶಿಷ್ಯರ ತಲೆಗಳ ನಡುವೆ ತೂರುತ್ತದೆ. ಬೆಳಕು ಸರಿದಂತೆ ಮುಖದ ಮೇಲಿನ ನೆರಳೂ ಸರಿಯುತ್ತದೆ. ಬಣ್ಣವಿಲ್ಲದ ಮರಕ್ಕೆ ಬಣ್ಣದ ಕೆಲಸವನ್ನು ಬೆಳಕು ಮಾಡುತ್ತದೆ.

ಬಣ್ಣವಿಲ್ಲದ ಮರ ಅಂದೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮಧ್ಯಯುಗದ ಯುರೋಪಿನ ಗೋಥಿಕ್ ಶೈಲಿಯ ಕೊನೆಗಾಲದ ಪೀಠ ಅಂದರೆ ಒಂದು ದೊಡ್ಡ ಕಪಾಟು ಅಂದುಕೊಳ್ಳಿ. ಎರಡೂ ಕಡೆ ರೆಕ್ಕೆಯಂಥ ಕದ. ಮಾಮೂಲಿ ದಿನಗಳಲ್ಲಿ ಕದ ಮುಚ್ಚಿರುತ್ತಿತ್ತು, ಜನರಿಗೆ ಹೊರಗಿನ ಚಿತ್ರ ಮಾತ್ರ. ಹಬ್ಬ ಬಂದಾಗ ತೆರೆದರೆ ಒಳಗೆ ಚಿನ್ನ, ನೀಲಿ, ಕೆಂಪು ಧಗಧಗ. ಪೋಲೆಂಡಿನ ಕ್ರಾಕೋವ್‌ನಲ್ಲಿ ಫೈಟ್ ಷ್ಟೋಸ್ ಎಂಬ ಶಿಲ್ಪಿ 1477ರಿಂದ 1489ರವರೆಗೆ ಕೂತು ಮಾಡಿದ ಪೀಠ ಹಾಗೇ ಇದೆ.

ಅದಕ್ಕೇ 1492ರಲ್ಲಿ ಮ್ಯೂನರ್‌ಷ್ಟಾಟ್ ಊರಿನ ಚರ್ಚಿಗೆ ರೀಮನ್‌ಷ್ನೈಡರ್ ಬರೀ ಮರದ ಪೀಠ ತಂದು ನಿಲ್ಲಿಸಿದ್ದು ದೊಡ್ಡ ಧೈರ್ಯ. ಮರ ಲಿಂಡೆನ್. ಇಂಗ್ಲಿಷಿನವರು ಲೈಮ್ ಅನ್ನುತ್ತಾರೆ, ನಮ್ಮ ನಿಂಬೆಗೂ ಅದಕ್ಕೂ ಸಂಬಂಧವಿಲ್ಲ. ಮೆತ್ತಗಿನ ಮರ, ಉಳಿ ಹೇಳಿದ ಹಾಗೆ ಕೇಳುತ್ತದೆ. ಒಣಗುವಾಗ ಸೀಳುವ ಭಯ ಮಾತ್ರ ಇದೆ, ಅದಕ್ಕೆ ಮೂರ್ತಿಯ ಬೆನ್ನನ್ನು ಟೊಳ್ಳು ಮಾಡುತ್ತಿದ್ದರು. ಅಲ್ಲಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಮೂರ್ತಿಯಿತ್ತು, ಮೈಯೆಲ್ಲ ಕೂದಲು, ಒಂದೊಂದೂ ಗುಂಗುರು. ಮೇಲೆ ತೆಳ್ಳಗೆ ಕಂದು ಮೆರುಗು. ಕಣ್ಣಿಗೆ, ತುಟಿಗೆ ಚೂರು ಬಣ್ಣ. ಅಷ್ಟೇ.

ಊರವರಿಗೆ ಇದು ಸಾಲಲಿಲ್ಲ. ಹತ್ತು ಹನ್ನೆರಡು ವರ್ಷದೊಳಗೆ ಪೂರ್ತಿ ಬಣ್ಣ ಹಚ್ಚಿಸಿದರು. ಹಚ್ಚಿದವನು ಯಾರು ಗೊತ್ತಾ? ಅದೇ ಫೈಟ್ ಷ್ಟೋಸ್! 1503ರಲ್ಲಿ ಸಾಲಪತ್ರ ಖೋಟಾ ಮಾಡಿದ್ದಕ್ಕೆ ನ್ಯೂರೆಂಬರ್ಗ್‌ನಲ್ಲಿ ಅವನ ಎರಡೂ ಕೆನ್ನೆಗೆ ಬರೆ ಹಾಕಿದ್ದರು. ಊರು ಬಿಡಬೇಡ ಎಂದರೂ ತಪ್ಪಿಸಿಕೊಂಡು ಬಂದಿದ್ದ. ಅಂಥ ಕಲಾವಿದ ಇನ್ನೊಬ್ಬನ ಮೂರ್ತಿಗೆ ಬಣ್ಣ ಬಳಿಯುತ್ತ ಏನಂದುಕೊಂಡನೋ! ಆ ಬಣ್ಣವನ್ನೂ ಮುಂದೆ ಕೆರೆದು ತೆಗೆದರು. ಮರಿಯಳು ಈಗ ಮ್ಯೂನಿಕ್ ಮ್ಯೂಸಿಯಂನಲ್ಲಿ ಬರೀ ಮರವಾಗಿಯೇ ಇದ್ದಾಳೆ.

ಇತ್ತ ನ್ಯೂರೆಂಬರ್ಗ್‌ನಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಮಥೇಯಸ್ ಲಾಂಡವರ್ ಎಂಬ ವ್ಯಾಪಾರಿ 12 ಮಂದಿ ಬಡ ವೃದ್ಧ ಕುಶಲಕರ್ಮಿಗಳಿಗೆ ಒಂದು ಆಶ್ರಮ ಕಟ್ಟಿಸಿದ. ಅದರ ಪ್ರಾರ್ಥನಾಲಯದ ಪೀಠಕ್ಕೆ ಚಿತ್ರಕಾರ ಡ್ಯೂರರ್ 1508ರಲ್ಲಿ ನಕ್ಷೆ ಬರೆದುಕೊಟ್ಟ. ವೆನಿಸ್ ನೋಡಿ ಬಂದು ಹೆಚ್ಚು ದಿನವಾಗಿರಲಿಲ್ಲ. ನಕ್ಷೆಯಲ್ಲಿ ಕದವೇ ಇಲ್ಲ! ಎರಡು ಕಂಬ, ಮೇಲೆ ತೊಲೆ, ಅದರ ಮೇಲೆ ಅರ್ಧಚಂದ್ರಾಕಾರದ ಕಮಾನು, ನಡುವೆ ಒಂದೇ ಚಿತ್ರ. ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಹಬ್ಬವಿರಲಿ ಬಿಡಲಿ, ಚಿತ್ರ ಕಿಟಕಿಯ ಹಾಗೆ ಸದಾ ತೆರೆದೇ ಇರುತ್ತದೆ. 1511ರಲ್ಲಿ ಮುಗಿದ ಆ ಚಿತ್ರದ ಕೆಳಗೆ ಬಲಮೂಲೆಯಲ್ಲಿ ಡ್ಯೂರರನೇ ಪುಟ್ಟದಾಗಿ ನಿಂತಿದ್ದಾನೆ, ಕೈಯಲ್ಲಿ ತನ್ನ ಹೆಸರಿನ ಫಲಕ. ಕದ ಹೋಯಿತು, ಕಲಾವಿದ ಒಳಗೆ ಬಂದ. ಚಿತ್ರ ಈಗ ವಿಯೆನ್ನಾದಲ್ಲಿದೆ, ಚೌಕಟ್ಟು ನ್ಯೂರೆಂಬರ್ಗ್‌ನಲ್ಲೇ ಉಳಿದಿದೆ. ಗಂಡ ಹೆಂಡತಿಯನ್ನು ಬೇರೆ ಮಾಡಿದ ಹಾಗೆ ಅನ್ನಿಸುತ್ತದೆ ನನಗೆ.

ಹಾಗಂತ ಎಲ್ಲರೂ ಡ್ಯೂರರನ ಹಿಂದೆ ಹೊರಟರು ಅಂದುಕೊಳ್ಳಬೇಡಿ. 1520ರ ಹೊತ್ತಿಗೆ ಫೈಟ್ ಷ್ಟೋಸ್ ಮತ್ತೆ ಒಂದು ಕದದ ಪೀಠ ಶುರು ಮಾಡಿದ. ನ್ಯೂರೆಂಬರ್ಗ್‌ನ ಕಾರ್ಮೆಲೈಟ್ ಸನ್ಯಾಸಿಗಳ ಮಠಕ್ಕೆ. ಅಲ್ಲಿಯ ಮಠಾಧಿಪತಿ ಅವನ ಮಗ ಆಂಡ್ರೇಯಸ್. ಮಗ ಒಂದು ಮಾತು ಬರೆದಿಟ್ಟ: ಇದಕ್ಕೆ ಸುಲಭಕ್ಕೆ ಯಾರೂ ಬಣ್ಣ ಹಚ್ಚಿಸಕೂಡದು. ಅಷ್ಟರಲ್ಲಿ ಕ್ರೈಸ್ತ ಧರ್ಮದಲ್ಲಿ ಲೂಥರ್ ಎಬ್ಬಿಸಿದ, ಮಠಗಳನ್ನು ಒಪ್ಪದ ಸುಧಾರಣೆ ಊರಿಗೆ ಬಂತು. 1525ರಲ್ಲಿ ಮಠ ಮುಚ್ಚಿತು. ಮುದುಕನಿಗೆ ಬರಬೇಕಿದ್ದ ದುಡ್ಡು ಪೂರ್ತಿ ಬರಲೇ ಇಲ್ಲ. ಪೀಠ ಕೊನೆಗೆ ಬಾಂಬೆರ್ಗ್ ಸೇರಿತು. ಅಲ್ಲಿಯ ದೊಡ್ಡ ಚರ್ಚಿನಲ್ಲಿ ಇವತ್ತಿಗೂ ಇದೆ, ಬಣ್ಣವಿಲ್ಲದೆ.