ಮೇಲಿಂದ ಮಳೆ, ಕೆಳಗಿಂದ ಕಡಲು

ನಮಸ್ಕಾರ. ಮಳೆ ಚೆಂದ ಅನ್ನೋರ ಜೊತೆ ನನಗೆ ತಕರಾರಿಲ್ಲ. ರಾತ್ರಿ ಮಾಡಿನ ಮೇಲೆ ಬೀಳೋ ಮಳೆಯ ಸದ್ದಿಗೆ ಬರೋ ನಿದ್ದೆ ಬೇರೆ ಯಾವುದಕ್ಕೂ ಬರಲ್ಲ. ಆದರೆ ಇವತ್ತು ನಾನು ಹೇಳಬೇಕಿರೋದು ಕಡಲ ತೀರಕ್ಕೆ ಎರಡು ದಿನ ಬಂದು ಹೋಗೋರ ಮಳೆಯ ಬಗ್ಗೆ ಅಲ್ಲ. ತಿಂಗಳುಗಟ್ಟಲೆ ಅದರೊಳಗೇ ಇದ್ದು, ಅದರಲ್ಲೇ ಕೆಲಸಕ್ಕೆ ಹೋಗಿ, ಅದರಲ್ಲೇ ಮಕ್ಕಳನ್ನ ಸಾಕೋರ ಮಳೆ ಇದೆಯಲ್ಲ, ಅದರ ಬಗ್ಗೆ.

ಮಳೆಯ ಊರು ಅಂದ ಕೂಡಲೇ ಎಲ್ಲರೂ ಕೇಳೋದು, ವರ್ಷಕ್ಕೆ ಎಷ್ಟು ಬೀಳುತ್ತೆ ಅಂತ. ಆ ಲೆಕ್ಕದಿಂದ ಬದುಕು ಹೇಗಿರುತ್ತೆ ಅಂತ ತಿಳಿಯಲ್ಲ. ನ್ಯೂಯಾರ್ಕ್‌ನಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆ. ಸಿಯಾಟಲ್‌ನಲ್ಲಿ ಸುಮಾರು 950. ಆದರೂ ಮಳೆಯೂರು ಅನ್ನೋ ಹೆಸರು ಸಿಯಾಟಲ್‌ಗೇ. ಯಾಕಂದ್ರೆ ಅಲ್ಲಿ ಆ ಮಳೆ ಸುಮಾರು 150 ದಿನಗಳಿಗೆ ಹಂಚಿಕೊಂಡು ಜಿಟಿಜಿಟಿ ಸುರಿಯುತ್ತೆ. ನಾರ್ವೆಯ ಬರ್ಗನ್‌ನಲ್ಲಿ 2006ರ ಕೊನೆಗೆ ಶುರುವಾದ ಮಳೆ 2007ರ ಜನವರಿವರೆಗೆ ಒಂದು ದಿನವೂ ಬಿಡದೆ 85 ದಿನ ಬಂತು. 85 ದಿನ! ಒಂದು ದಿನ ಎಷ್ಟೇ ಧೋ ಅಂತ ಹೊಡೆದರೂ ಮರುದಿನ ಬಿಸಿಲು ಬಂದ್ರೆ ಮನೆ ಚೇತರಿಸಿಕೊಳ್ಳುತ್ತೆ. ಬಿಸಿಲೇ ಬರದಿದ್ದಾಗ ಮನೆ ಒಳಗಿನಿಂದ ಒದ್ದೆಯಾಗ್ತಾ ಹೋಗುತ್ತೆ.

ಆ ಒದ್ದೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡ್ತೀನಿ, ಯಾಕಂದ್ರೆ ಇದನ್ನ ಯಾರೂ ಸುದ್ದಿ ಅಂತ ಪರಿಗಣಿಸಲ್ಲ. ಬೀರು ತೆಗೆದ್ರೆ ಮುಗ್ಗಲು ವಾಸನೆ. ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು, ಎಲ್ಲದರ ಮೇಲೂ ಬೂಷ್ಟು. ಒಗೆದ ಬಟ್ಟೆ ಮೂರನೇ ದಿನಕ್ಕೂ ಒಣಗದೆ ಮತ್ತೆ ಒಗೆಯೋ ಹಾಗಾಗುತ್ತೆ. ಹೊರಗೆ ಹಾಕೋಕಾಗಲ್ಲ, ಗಾಳಿ ಬೀಸಿದ್ರೆ ಎರಚಲು. ಒಳಗೆ ಹಾಕಿದ್ರೆ ಬಟ್ಟೆಯಲ್ಲಿರೋ ನೀರೆಲ್ಲ ಕೋಣೆಯ ಗಾಳಿಗೇ ಸೇರಿ, ಅಲ್ಲಿಂದ ಗೋಡೆಗೆ ಹೋಗಿ ಕೂರುತ್ತೆ. ಆ ಗೋಡೆ ಪಕ್ಕದಲ್ಲೇ ಮಗು ಮಲಗಿರುತ್ತೆ. ಥಂಡಿ ಹಿಡಿದ, ಬೂಷ್ಟು ಬಂದ ಮನೆಗಳಲ್ಲಿ ಇರೋರಿಗೆ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಬೆಳಿಗ್ಗೆ ಅರ್ಧ ಗಂಟೆ ಬಿಸಿಲು ಇಣುಕಿದರೆ ಸಾಕು, ಇಡೀ ಬೀದಿಯ ಬಾಲ್ಕನಿಗಳಲ್ಲಿ ಬಟ್ಟೆ ತುಂಬಿಬಿಡುತ್ತೆ. ಆ ಅರ್ಧ ಗಂಟೆಯಲ್ಲಿ ಮನೆಯಲ್ಲಿರೋ ಹೆಂಗಸರು ಎಷ್ಟು ಓಡಾಡ್ತಾರೆ ಅನ್ನೋದನ್ನ ಲೆಕ್ಕಕ್ಕೆ ಹಿಡಿಯೋರು ಯಾರು?

ಹಳೆಯ ಕಾಲದ ಕಡಲತೀರದ ಮನೆಗಳಿಗೆ ಇಳಿಜಾರು ಮಾಡು, ಉದ್ದಕ್ಕೆ ಚಾಚಿದ ಸೂರು, ಸುತ್ತ ಜಗಲಿ ಇರ್ತಿತ್ತು. ಗೋಡೆಗೆ ಮಳೆ ತಾಗ್ತಿರಲಿಲ್ಲ. ಬಟ್ಟೆ ಒಣಗೋಕೆ ನೆರಳಿನ ಜಾಗ ಇತ್ತು. ಈಗ ಒಣ ಊರಿಗೆ ಮಾಡಿದ ನಕ್ಷೆಯನ್ನೇ ತಂದು ಇಲ್ಲಿ ಕಟ್ತಾರೆ: ಚಪ್ಪಟೆ ತಾರಸಿ, ನುಣ್ಣನೆ ಗೋಡೆ, ಒಂದಡಿಯ ಸಜ್ಜಾ. ಜೊತೆಗೆ ಕಡಲ ಗಾಳಿಯ ಉಪ್ಪು ಬೇರೆ. ಅದು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ತುಕ್ಕು ಹಿಡಿಸುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಒಳಗಿನಿಂದಲೇ ಕಾಂಕ್ರೀಟು ಒಡೆಯುತ್ತೆ. ಸೂರು ಎಷ್ಟು ಚಾಚಿರಬೇಕು ಅನ್ನೋದು ಕಡಲ ಊರುಗಳಲ್ಲಿ ಕಡ್ಡಾಯ ನಿಯಮವೇ ಆಗಬೇಕು ಅಂತ ನಾನು ಹೇಳ್ತೀನಿ.

ಈಗ ನೀರಿಗೆ ಬರ್ತೀನಿ. ಬೆಟ್ಟದ ಊರಲ್ಲಿ ಎಷ್ಟೇ ಮಳೆ ಬಂದ್ರೂ ನೀರು ಇಳಿದು ಹೋಗುತ್ತೆ. ಕಡಲ ಪಕ್ಕದ ಊರಲ್ಲಿ ಇಳಿಯೋಕೆ ಜಾಗ ಅಂದ್ರೆ ಕಡಲು ಮಾತ್ರ, ಆ ಕಡಲೇ ದಿನಕ್ಕೆ ಎರಡು ಸಲ ಮೇಲೇರುತ್ತೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರೋದು ಇನ್ನೂ ಜಾಸ್ತಿ. ಆ ಹೊತ್ತಲ್ಲಿ ಚರಂಡಿಯ ಬಾಯಿ ಕಡಲ ನೀರಲ್ಲಿ ಮುಳುಗಿರುತ್ತೆ. ಮಳೆನೀರು ಹೊರಗೆ ಹೋಗೋದಿರಲಿ, ತಡೆಬಾಗಿಲು ಇಲ್ಲದ ಕಡೆ ಉಪ್ಪುನೀರೇ ಒಳಗೆ ಬರುತ್ತೆ. ಮಳೆಯೇ ಇಲ್ಲದ ದಿನವೂ ತಗ್ಗಿನ ಬೀದಿಗಳಲ್ಲಿ ಚರಂಡಿ ಉಕ್ಕೋದು ಇದರಿಂದಲೇ.

2005ರ ಜುಲೈ 26ರಂದು ಮುಂಬೈಯಲ್ಲಿ ಆಗಿದ್ದು ಈ ಎರಡೂ ಸೇರಿ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಅಂದ್ರೆ ನೀವು ಚಾಪೆ ಹಾಸಿ ಕೂತಷ್ಟು ಜಾಗದ ಮೇಲೆ ಒಂದೇ ದಿನದಲ್ಲಿ ಸಾವಿರ ಲೀಟರ್‌ಗೆ ಹತ್ತಿರ ಹತ್ತಿರ! ಬ್ರಿಟಿಷರ ಕಾಲದ ಚರಂಡಿಗಳನ್ನ ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ. ಅದೇ ಮಧ್ಯಾಹ್ನ ದೊಡ್ಡ ಉಬ್ಬರವೂ ಬಂತು. ನೀರು ಹರಿಯಬೇಕಿದ್ದ ಮೀಠಿ ನದಿಯನ್ನ ಅಷ್ಟರಲ್ಲಾಗಲೇ ಒತ್ತುವರಿ ಮಾಡಿ ಕಿರಿದಾಗಿಸಿದ್ದರು, ಅದು ಕಡಲು ಸೇರೋ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನೂ ತುಂಬಾ ಕಡೆ ಮುಚ್ಚಿದ್ದರು. ನೂರಾರು ಜನ ಸತ್ತರು. ನೀರು ಇಳಿದ ಮೇಲೆ ಇಲಿಜ್ವರ ಬಂತು. ಇಲಿಯ ಮೂತ್ರ ಸೇರಿದ ನೀರಲ್ಲಿ ಕಾಲಿನ ಗಾಯ ಅದ್ದಿದರೆ ಸಾಕು, ಬರೋ ಕಾಯಿಲೆ ಅದು. ಬೂಟು ಹಾಕಿಕೊಂಡು ಕಾರಲ್ಲಿ ಹೋಗೋರಿಗಿಂತ ಬರಿಗಾಲಲ್ಲಿ ನೀರು ದಾಟೋರಿಗೆ, ಚರಂಡಿ ಶುಚಿ ಮಾಡೋರಿಗೆ ಅದು ಹೆಚ್ಚು ಬರುತ್ತೆ. ಇದು ನನಗೆ ತುಂಬ ಸಂಕಟ ಕೊಡೋ ವಿಷಯ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಬೀಳುವಾಗ ಒಮ್ಮೆಲೇ ಜಾಸ್ತಿ ಬೀಳೋದು ಹೆಚ್ಚಾಗುತ್ತೆ. ಕಡಲ ಮಟ್ಟವೂ ಏರ್ತಾ ಇದೆ. ಇದಕ್ಕೆ ಉತ್ತರ ಬರೀ ದಪ್ಪ ಪೈಪು ಅಂದುಕೊಂಡ್ರೆ ಸೋಲ್ತೀವಿ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಸುಮಾರು ಎರಡೇ ಗಂಟೆಯಲ್ಲಿ 150 ಮಿಲಿಮೀಟರ್‌ನಷ್ಟು ಮಳೆ ಹೊಡೆಯಿತು. ಮರುವರ್ಷವೇ ಆ ಊರು ಒಂದು ಯೋಜನೆ ಮಾಡಿತು: ಕೆಲವು ಬೀದಿಗಳಲ್ಲಿ ನೀರು ಹರಿಯಲಿ, ಕೆಲವು ಉದ್ಯಾನಗಳಲ್ಲಿ ನಿಲ್ಲಲಿ, ಮನೆಗಳಿಗೆ ಮಾತ್ರ ನುಗ್ಗದಿರಲಿ. ಅಲ್ಲಿನ ಎಂಗ್‌ಹೇವ್ ಅನ್ನೋ ಒಂದು ಉದ್ಯಾನವನ್ನ ಎರಡು ಕೋಟಿ ಲೀಟರ್‌ಗೂ ಹೆಚ್ಚು ನೀರು ತಡೆದಿಡೋ ಹಾಗೆ ಬದಲಾಯಿಸಿದ್ದಾರೆ. ಉಬ್ಬರ ಇಳಿಯೋವರೆಗೆ ಕಾಯೋಕೆ ನೀರಿಗೆ ಒಂದು ಜಾಗ ಬೇಕಲ್ಲ? ನಮ್ಮ ಕೆರೆ, ಗದ್ದೆ, ಜೌಗು, ಕಾಂಡ್ಲಾ ಇವೆಲ್ಲ ಆ ಜಾಗವೇ ಆಗಿದ್ದವು. ಅವನ್ನ ಮಣ್ಣು ಹಾಕಿ ಮುಚ್ಚಿ, ಅದರ ಮೇಲೆ ಮನೆ ಮಾರಿದವರು ಮನೆ ಕೊಂಡವರಿಗೆ ಮೋಸ ಮಾಡಿದ್ದಾರೆ. ಇದನ್ನ ಮೆತ್ತಗೆ ಹೇಳೋಕೆ ನನಗೆ ಆಗಲ್ಲ.

ಸಣ್ಣ ಕೆಲಸಗಳೂ ಇವೆ. ಬಸ್ ನಿಲ್ದಾಣದ ಚಾವಣಿ ಎರಡಡಿ ಮುಂದೆ ಬಂದ್ರೆ, ಹಿಂದೆ ಒಂದು ಮರೆ ಇದ್ರೆ, ಕಾಯೋರು ನೆನೆಯಲ್ಲ. ಕಾಲುದಾರಿಗೆ ಜಾರೋ ಹೊಳಪಿನ ಹಂಚು ಹಾಕಬಾರದು, ಪಾಚಿ ಕಟ್ಟಿದ ಮೇಲೆ ಅದರ ಮೇಲೆ ಮುದುಕರು ನಡೆಯೋದು ಹೇಗೆ? ಮ್ಯಾನ್‌ಹೋಲ್ ಮುಚ್ಚಳದ ಕೆಳಗೆ ಜಾಲರಿ ಇರಲೇಬೇಕು, ಮೊಣಕಾಲು ನೀರಲ್ಲಿ ತೆರೆದ ಗುಂಡಿ ಕಾಣಲ್ಲ. ಮೀನುಗಾರರಿಗೆ ಮಾತ್ರ ಗೊತ್ತಿರೋ ಉಬ್ಬರದ ಹೊತ್ತು ಶಾಲೆ ಬಿಡೋ ಹೊತ್ತನ್ನ ನಿರ್ಧರಿಸೋರಿಗೂ ಗೊತ್ತಿರಬೇಕು. ಉಬ್ಬರದ ಹೊತ್ತಿನ ಪಟ್ಟಿ ವರ್ಷಕ್ಕೆ ಮೊದಲೇ ಸಿಗುತ್ತೆ, ಗುಟ್ಟೇನಲ್ಲ.

ನಿಮ್ಮ ಊರು ಕಡಲ ಪಕ್ಕ ಇದ್ರೆ ಒಂದು ಕೆಲಸ ಮಾಡಿ. ಬೇಸಿಗೆಯಲ್ಲಿ, ನೆಲ ಒಣಗಿರುವಾಗ, ನಿಮ್ಮ ಬೀದಿಯ ಚರಂಡಿಯನ್ನ ಹಿಡಿದು ಅದು ಕಡಲಿಗೋ ಹೊಳೆಗೋ ಸೇರೋವರೆಗೆ ನಡೆದು ಹೋಗಿ. ದಾರಿಯಲ್ಲಿ ಎಲ್ಲಿ ಕಿರಿದಾಗಿದೆ, ಎಲ್ಲಿ ಗೋಡೆ ಎದ್ದಿದೆ, ಬಾಯಲ್ಲಿ ತಡೆಬಾಗಿಲು ಇದೆಯಾ, ಫೋಟೋ ತೆಗೆಯಿರಿ. ಅದನ್ನ ವಾರ್ಡಿನ ಸಭೆಗೆ ತಗೊಂಡು ಹೋಗಿ ಕೇಳಿ. ಬೇಸಿಗೆಯಲ್ಲಿ ಕೇಳಿದ್ರೆ ಚರಂಡಿ ಸರಿ ಮಾಡೋಕೆ ಸಮಯ ಇರುತ್ತೆ. ಜುಲೈಯಲ್ಲಿ ಕೇಳಿದ್ರೆ ಒಂದು ಪಂಪು ಕಳಿಸ್ತಾರೆ, ಅಷ್ಟೇ.