ಘಟನೋತ್ತರ ಅನುಮೋದನೆ: ನಮ್ಮ ರಾಜ್ಯದ ಕಾರ್ಯಾಂಗ ನಡೆಯುವ ಬಗೆ
(ಹುಬ್ಬಳ್ಳಿಯಲ್ಲಿ ಸಂವಿಧಾನ ದಿನದ ಅಂಗವಾಗಿ ಕಾನೂನು ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಮಾನ್ಯ ಅಧ್ಯಕ್ಷರೇ, ಪ್ರಾಚಾರ್ಯರೇ, ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

'ರಾಜ್ಯದ ಕಾರ್ಯಾಂಗ' ಎಂಬ ವಿಷಯ ಕೊಟ್ಟು ಕರೆಸಿದ್ದೀರಿ. ರಾಜ್ಯಪಾಲರು, ಮುಖ್ಯಮಂತ್ರಿ, ಮಂತ್ರಿಮಂಡಲ. ಒಂದೊಂದಕ್ಕೆ ಐದೈದು ಅಂಕ. ಅದನ್ನು ನಿಮ್ಮ ಪ್ರಾಧ್ಯಾಪಕರು ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ. ನಾನು ವಿಧಾನಸೌಧಕ್ಕೂ ಬಹುಮಹಡಿ ಕಟ್ಟಡಕ್ಕೂ ನಡುವೆ ಕಡತಗಳ ಹಿಂದೆ ಓಡಾಡಿ ನಿವೃತ್ತನಾದವನು. ಹಾಗಾಗಿ ಒಂದೇ ಒಂದು ದೂರು ಹೊತ್ತು ತಂದಿದ್ದೇನೆ. ನಮ್ಮ ಸರ್ಕಾರಗಳು, ಯಾವ ಪಕ್ಷದವೇ ಇರಲಿ, ಮೊದಲು ಮಾಡಿ ಮುಗಿಸಿ ಆಮೇಲೆ ಕೇಳುವ ಚಟ ಹಚ್ಚಿಕೊಂಡಿವೆ. ಸಚಿವಾಲಯದ ಭಾಷೆಯಲ್ಲಿ ಇದಕ್ಕೆ ಘಟನೋತ್ತರ ಅನುಮೋದನೆ ಎನ್ನುತ್ತಾರೆ. ಮದುವೆ ಮುಗಿಸಿ, ಬಂದವರಿಗೆಲ್ಲ ಊಟ ಬಡಿಸಿ, ಎಲೆ ಎತ್ತಿದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ.

ನಗುತ್ತಿದ್ದೀರಿ. ಸರಿ, ಒಂದು ಸರ್ಕಾರಿ ಆದೇಶ ಕೈಗೆತ್ತಿಕೊಳ್ಳೋಣ. ನಿಮ್ಮಲ್ಲಿ ಎಷ್ಟು ಜನ ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿದ್ದೀರಿ? ಕೈಗಳು ಕಡಿಮೆ ಇವೆ. ಮೇಲ್ಗಡೆ 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದಿರುತ್ತದೆ. ಕೆಳಗೆ ವಿಷಯ, ಆಮೇಲೆ 'ಓದಲಾಗಿದೆ' ಎಂದು ಹಿಂದಿನ ಪತ್ರಗಳ ಪಟ್ಟಿ, ಆಮೇಲೆ ಪ್ರಸ್ತಾವನೆ, ಆಮೇಲೆ ಆದೇಶ ಸಂಖ್ಯೆ ಮತ್ತು ದಿನಾಂಕ. ದುಡ್ಡಿನ ಮಾತಿದ್ದರೆ ಆರ್ಥಿಕ ಇಲಾಖೆಯ ಸಹಮತಿ ಯಾವ ಟಿಪ್ಪಣಿಯಲ್ಲಿ, ಯಾವ ದಿನ ಸಿಕ್ಕಿತು ಎಂಬ ಒಂದು ಸಾಲು. ಆ ಸಾಲು ಇಲ್ಲದ ಆದೇಶ ಹಿಡಿದು ಖಜಾನೆಗೆ ಹೋದರೆ ಅಲ್ಲಿಯ ಗುಮಾಸ್ತ ಕತ್ತೆತ್ತಿಯೂ ನೋಡುವುದಿಲ್ಲ. ಎಲ್ಲದರ ಕೊನೆಗೆ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದು ಬರೆದು, ಅದರಡಿ ಯಾರ ಸಹಿ? ಬಹುಮಟ್ಟಿಗೆ ಒಬ್ಬ ಅಧೀನ ಕಾರ್ಯದರ್ಶಿಯದು. ರಾಜ್ಯಪಾಲರು ಆ ಕಾಗದವನ್ನು ಕಂಡೇ ಇರುವುದಿಲ್ಲ. ಅಧೀನ ಕಾರ್ಯದರ್ಶಿ ಅದನ್ನು ನಿರ್ಧರಿಸಿಯೇ ಇರುವುದಿಲ್ಲ. ನಿರ್ಧರಿಸಿದವರ ಹೆಸರು ಆ ಹಾಳೆಯಲ್ಲಿ ಎಲ್ಲಿಯೂ ಇಲ್ಲ.

ಇದನ್ನು ಮೋಸ ಎನ್ನಬೇಡಿ. 166ನೇ ವಿಧಿ ಹೇಳುವುದೇ ಹೀಗೆ: ಸರ್ಕಾರದ ಎಲ್ಲ ಕಾರ್ಯಕಾರಿ ಕ್ರಮಗಳು ರಾಜ್ಯಪಾಲರ ಹೆಸರಿನಲ್ಲಿ ನಡೆಯಬೇಕು. ಆದರೆ ರಾಜ್ಯಪಾಲರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಎಂದು 163 ಹೇಳುತ್ತದೆ. 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿ ಮಾಡಿತು. ಹಾಗಾದರೆ ಆ ಹಾಳೆಯ ಹಿಂದೆ ಮಂತ್ರಿಗಳು ಕೂತು ಮಾತನಾಡಿರಬೇಕಲ್ಲವೇ? ವಿಷಯ ನಿರ್ವಾಹಕ ಬರೆದ ಟಿಪ್ಪಣಿ ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಪ್ರಧಾನ ಕಾರ್ಯದರ್ಶಿ ಎಂದು ಮೆಟ್ಟಿಲು ಹತ್ತಿ ಮಂತ್ರಿಗಳ ಮೇಜಿಗೆ ಹೋಗಬೇಕು. ದೊಡ್ಡ ವಿಷಯವಾದರೆ ಅಲ್ಲಿಂದ ಸಂಪುಟಕ್ಕೆ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದಕ್ಕೂ ನಮ್ಮಲ್ಲಿ 1977ರ ವ್ಯವಹಾರ ನಿರ್ವಹಣಾ ನಿಯಮಗಳಿವೆ. ತುರ್ತಿದ್ದಾಗ ಮುಖ್ಯಮಂತ್ರಿಗಳು ಒಪ್ಪಿಗೆ ಕೊಟ್ಟು, ಆಮೇಲೆ ಸಂಪುಟದ ಮುಂದೆ ತರಬಹುದು. ಅದು ಒಳ್ಳೆಯ ನಿಯಮ. ಹೊಳೆ ಉಕ್ಕಿದಾಗ ಸಂಪುಟ ಸಭೆಗೆ ದಿನಾಂಕ ಹುಡುಕುತ್ತ ಕೂರಲಾಗುವುದಿಲ್ಲ. ನನ್ನ ತಕರಾರು ನಿಯಮದ ಮೇಲಲ್ಲ, ಅದು ದಿನನಿತ್ಯದ ದಾರಿಯಾದದ್ದರ ಮೇಲೆ. 'ಹೆಚ್ಚುವರಿ ವಿಷಯ' ಎಂದು ಸಭೆಯ ಹೊತ್ತಿಗೆ ಮೇಜಿನ ಮೇಲೆ ಬಂದು ಬೀಳುವ ಟಿಪ್ಪಣಿಗಳನ್ನು ಕೇಳಿ. ಓದಲು ಪುರುಸೊತ್ತಿಲ್ಲ, ಬೇಡವೆನ್ನಲು ಧೈರ್ಯವಿಲ್ಲ. ಒಪ್ಪಿದೆ, ಮುಂದಿನದು.

ಈಗ ನಿಮ್ಮ ಊರಿನ ಕಥೆಗೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ನಿಂತು ಎಸ್.ಆರ್. ಬೊಮ್ಮಾಯಿಯವರ ಹೆಸರು ಹೇಳದೆ ಈ ವಿಷಯ ಮಾತನಾಡುವುದು ಹೇಗೆ? ಅವರ ಸರ್ಕಾರವನ್ನು ವಜಾ ಮಾಡಿದ ಪ್ರಕರಣದ ತೀರ್ಪು ನಿಮಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ಬರೆಯುತ್ತೀರಿ. ಆದರೆ ಆ ನಾಲ್ಕೈದು ದಿನ ಹೇಗಿದ್ದವು ಎಂಬುದನ್ನು ಯಾರೂ ಕೇಳುವುದಿಲ್ಲ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್‌ನಲ್ಲಿ ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. 1989ರ ಏಪ್ರಿಲ್. ಬಿಸಿಲು, ಪಕ್ಷದೊಳಗೆ ಅದಕ್ಕಿಂತ ಹೆಚ್ಚು ಕಾವು. ಆಡಳಿತ ಪಕ್ಷ ಬಿಟ್ಟಿದ್ದ ಶಾಸಕರೊಬ್ಬರು ಹತ್ತೊಂಬತ್ತು ಪತ್ರಗಳನ್ನು ಹಿಡಿದುಕೊಂಡು ರಾಜಭವನಕ್ಕೆ ಹೋದರು. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬುದು ಅವುಗಳ ಸಾರ. ರಾಜ್ಯಪಾಲರು ಪಿ. ವೆಂಕಟಸುಬ್ಬಯ್ಯ. ಅವರು ಆ ಹತ್ತೊಂಬತ್ತು ಜನರಲ್ಲಿ ಒಬ್ಬೊಬ್ಬರನ್ನೇ ಕರೆಸಿ, 'ಇದು ನಿಮ್ಮದೇ ಸಹಿಯೇ?' ಎಂದು ಕೇಳಿದ್ದರೆ ಅರ್ಧ ದಿನದ ಕೆಲಸ. ಕೇಳಲಿಲ್ಲ. ಸರ್ಕಾರಕ್ಕೆ ಬಹುಮತವಿಲ್ಲ ಎಂದು ಮರುದಿನವೇ ರಾಷ್ಟ್ರಪತಿಗಳಿಗೆ ವರದಿ ಹೋಯಿತು.

ಮುಖ್ಯಮಂತ್ರಿಗಳು ಕಾನೂನು ಸಚಿವರನ್ನು ಕರೆದುಕೊಂಡು ರಾಜಭವನಕ್ಕೆ ಹೋದರು. 'ಅಧಿವೇಶನ ಕರೆಯುತ್ತೇವೆ, ಬೇಕಿದ್ದರೆ ಇನ್ನೂ ಮುಂಚೆಯೇ ಕರೆಯುತ್ತೇವೆ, ಸದನದಲ್ಲಿ ಎಣಿಸಿ ನೋಡೋಣ' ಎಂಬುದು ಅವರ ಕೋರಿಕೆ. ಅಷ್ಟರಲ್ಲಿ ಇನ್ನೊಂದು ನಡೆಯಿತು. ಆ ಹತ್ತೊಂಬತ್ತರಲ್ಲಿ ಏಳು ಜನ ಹಿಂದೆ ಬಂದರು. ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆದಿದ್ದಾರೆ, ನಮ್ಮ ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಯಾರಿಗಾದರೂ ಇಲ್ಲಿ ನಿಂತು ಯೋಚಿಸಬೇಕೆನ್ನಿಸುತ್ತದೆ. ಆಗ ಹೋದದ್ದು ಎರಡನೆಯ ವರದಿ, ಮೊದಲನೆಯದರ ದಾರಿಯಲ್ಲೇ. ಏಪ್ರಿಲ್ 21ರಂದು 356ನೇ ವಿಧಿಯ, ಅಂದರೆ ರಾಷ್ಟ್ರಪತಿ ಆಳ್ವಿಕೆಯ, ಘೋಷಣೆ ಹೊರಬಿತ್ತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಸದನದ ನೆಲದ ಮೇಲೆ ಒಂದು ತಲೆಯನ್ನೂ ಯಾರೂ ಎಣಿಸಲಿಲ್ಲ.

ಬೊಮ್ಮಾಯಿಯವರು ಹೈಕೋರ್ಟಿಗೆ ಹೋದರು, ಸೋತರು. ಸುಪ್ರೀಂ ಕೋರ್ಟಿಗೆ ಹೋದರು. ಇತ್ತ ಅದೇ ವರ್ಷ ನವೆಂಬರಿನಲ್ಲಿ ಚುನಾವಣೆಯಾಗಿ ವೀರೇಂದ್ರ ಪಾಟೀಲರು ಬಂದರು. ಮರುವರ್ಷ ಅವರನ್ನೂ ಇಳಿಸಿದರು. ಅವರದು ಸ್ವಂತ ಬಹುಮತದ, ಭರ್ಜರಿ ಬಹುಮತದ ಸರ್ಕಾರ. ಬದಲಾವಣೆಯ ಸುದ್ದಿ ಹೊರಬಿದ್ದದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ದೆಹಲಿಯ ನಾಯಕರ ಬಾಯಿಂದ. ಶಾಸಕರಿಗೆ ಆಮೇಲೆ ಗೊತ್ತಾಯಿತು. ಆಮೇಲೆ ಬಂಗಾರಪ್ಪ, ಆಮೇಲೆ ಮೊಯಿಲಿ. ಮೊಯಿಲಿಯವರು ಕುರ್ಚಿಯಲ್ಲಿದ್ದಾಗ, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತವನ್ನು ಪರೀಕ್ಷಿಸುವ ಜಾಗ ಸದನ, ರಾಜಭವನವಲ್ಲ. ಕರ್ನಾಟಕದ ಸರ್ಕಾರವನ್ನು ವಜಾ ಮಾಡಿದ್ದು ಸಂವಿಧಾನಬಾಹಿರ. ಬೊಮ್ಮಾಯಿಯವರು ಗೆದ್ದರು. ಏನು ಸಿಕ್ಕಿತು? ಆ ಸರ್ಕಾರ ಇಲ್ಲ, ಆ ಸದನ ಇಲ್ಲ, ಮರಳಿ ಕೊಡಲು ಏನೂ ಉಳಿದಿಲ್ಲ. ನ್ಯಾಯವೂ ಘಟನೋತ್ತರ.

ಇದರ ಫಲ ಸಿಕ್ಕಿದ್ದು ಮುಂದಿನವರಿಗೆ. 2010ರ ಅಕ್ಟೋಬರಿನಲ್ಲಿ ನಮ್ಮ ವಿಧಾನಸಭೆ ನಾಲ್ಕು ದಿನದೊಳಗೆ ಎರಡು ಸಲ ವಿಶ್ವಾಸಮತ ಕಂಡಿತು. ಮೊದಲನೆಯದು ಧ್ವನಿಮತ, ಯಾರ ಧ್ವನಿ ಎಲ್ಲಿಂದ ಬಂತೆಂದು ಗದ್ದಲದಲ್ಲಿ ತಿಳಿಯಲಿಲ್ಲ. ಎರಡನೆಯದು 106ಕ್ಕೆ 100. 2018ರ ಮೇ ತಿಂಗಳಲ್ಲಿ ರಾಜ್ಯಪಾಲರು ಬಹುಮತ ತೋರಿಸಲು ಹದಿನೈದು ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಮಧ್ಯರಾತ್ರಿ ಬಾಗಿಲು ತೆರೆದು ವಿಚಾರಣೆ ಮಾಡಿ, ಆಮೇಲೆ ಆ ಅವಧಿಯನ್ನು ಮೇ 19ರ ಸಂಜೆ ನಾಲ್ಕಕ್ಕೆ ಇಳಿಸಿತು. ಎಣಿಕೆಗೆ ಮೊದಲೇ ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. ಮುಂದಿನ ವರ್ಷ ಜುಲೈ 23ರಂದು ಮತ್ತೊಂದು ಸರ್ಕಾರ 99ಕ್ಕೆ 105ರಲ್ಲಿ ಬಿತ್ತು. ಎರಡೂ ಕಡೆಯವರು ಸದನದಲ್ಲೇ ಗೆದ್ದರು, ಸದನದಲ್ಲೇ ಸೋತರು. ಬೊಮ್ಮಾಯಿಯವರಿಗೆ ಸಿಗದ ಮರ್ಯಾದೆ ಅವರ ಹೆಸರಿನಿಂದ ಉಳಿದವರಿಗೆ ಸಿಕ್ಕಿತು.

ಚೀಟಿ ಬಂದಿದೆ. ಹತ್ತು ನಿಮಿಷವಂತೆ. ಅಧ್ಯಕ್ಷರು ಒಳ್ಳೆಯವರು, ಮೊದಲೇ ಕೇಳುತ್ತಿದ್ದಾರೆ.

ಸರ್ಕಾರ ಯಾರದು ಎಂಬ ಪ್ರಶ್ನೆಯನ್ನು ಕೋರ್ಟು ಸದನಕ್ಕೆ ತಂದು ಕೂರಿಸಿತು. ಆ ಸರ್ಕಾರದೊಳಗೆ ನಿರ್ಧಾರ ಯಾರದು ಎಂಬುದನ್ನು ಯಾರು ತಂದು ಕೂರಿಸಬೇಕು? 2019ರ ಜುಲೈ 26ರಂದು ಯಡಿಯೂರಪ್ಪನವರು ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು. ಉಳಿದ ಮಂತ್ರಿಗಳು ಬಂದದ್ದು ಆಗಸ್ಟ್ 20ರಂದು. ನಡುವೆ ಏನಾಯಿತು ಎಂದು ಈ ಭಾಗದವರಿಗೆ ನಾನು ಹೇಳಬೇಕೇ? ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಒಟ್ಟಿಗೆ ಉಕ್ಕಿದವು. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ದಂಡೆಯ ಊರುಗಳ ಜನ ದನಕರುಗಳೊಂದಿಗೆ ರಸ್ತೆಗೆ ಬಂದರು. ಕಂದಾಯ ಸಚಿವರಿಲ್ಲ, ಜಿಲ್ಲಾ ಉಸ್ತುವಾರಿ ಸಚಿವರಿಲ್ಲ. ಮುಖ್ಯಮಂತ್ರಿಗಳು ಆ ವಯಸ್ಸಿನಲ್ಲಿ ಊರೂರು ಸುತ್ತಿದರು, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ 164ನೇ ವಿಧಿಯ (1ಎ) ಖಂಡ ತೆಗೆದು ಓದಿ. 2003ರ 91ನೇ ತಿದ್ದುಪಡಿ ತಂದದ್ದು. ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಶೇ 15 ಮೀರಬಾರದು ಎಂಬ ಭಾಗ ಎಲ್ಲರಿಗೂ ಬಾಯಿಪಾಠ, ಏಕೆಂದರೆ 224ರ ಸದನದಲ್ಲಿ ಮೂವತ್ತನಾಲ್ಕನೆಯ ಕುರ್ಚಿ ಯಾರಿಗೆ ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಅದೇ ಖಂಡದ ಕೆಳಗೆ, ಮುಖ್ಯಮಂತ್ರಿ ಸೇರಿ ಹನ್ನೆರಡಕ್ಕಿಂತ ಕಡಿಮೆ ಇರಬಾರದು ಎಂದೂ ಇದೆ. ಅದನ್ನು ಯಾರೂ ಬಾಯಿಪಾಠ ಮಾಡಿಲ್ಲ. ಒಬ್ಬರೇ ಇರುವ ಸಂಪುಟದಲ್ಲಿ ಭಿನ್ನಮತವಿಲ್ಲ, ಕುರ್ಚಿ ಸಾಲದೆನ್ನುವ ಗೊಣಗಾಟವಿಲ್ಲ, ಸಭೆ ಬೇಗ ಮುಗಿಯುತ್ತದೆ. ಸಾಮೂಹಿಕ ಹೊಣೆ ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ.

ಒಂದು ಪಕ್ಷದ ಮೇಲೆ ಹೇಳುತ್ತಿದ್ದೇನೆ ಎಂದು ಕೆಲವರು ಮುಖ ಗಂಟಿಕ್ಕಿದ್ದು ಕಾಣುತ್ತಿದೆ. ಸ್ವಲ್ಪ ತಾಳಿ. 2023ರ ಮೇ 20ರಂದು ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಎಂಟು ಸಚಿವರು ಪ್ರಮಾಣವಚನ ತೆಗೆದುಕೊಂಡರು. ಒಟ್ಟು ಹತ್ತು, ಅದೂ ಹನ್ನೆರಡಕ್ಕೆ ಕಡಿಮೆಯೇ. ಅದೇ ದಿನ ಸಂಪುಟ ಸಭೆ ಸೇರಿ ಐದು ಗ್ಯಾರಂಟಿಗಳಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಇನ್ನೂ ಇಪ್ಪತ್ತನಾಲ್ಕು ಮಂತ್ರಿಗಳು ಬಂದದ್ದು ಒಂದು ವಾರದ ಮೇಲೆ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ನನ್ನ ವಿಷಯವಲ್ಲ, ನಮ್ಮ ಮನೆಯವರೂ ಉಚಿತ ಬಸ್ಸಿನಲ್ಲೇ ತವರಿಗೆ ಹೋಗಿ ಬರುತ್ತಾರೆ. ರಾಜ್ಯದ ಬೊಕ್ಕಸದ ಅಷ್ಟು ದೊಡ್ಡ ನಿರ್ಧಾರಕ್ಕೆ ಮೂವತ್ತನಾಲ್ಕು ಜನ ಹೊಣೆ, ಕೂತಿದ್ದವರು ಹತ್ತು ಜನ. ಪ್ರಣಾಳಿಕೆಯಲ್ಲೇ ಇತ್ತಲ್ಲ, ಜನರೇ ಒಪ್ಪಿದ್ದಾರಲ್ಲ ಎಂದು ನೀವು ವಾದಿಸಬಹುದು. ಒಪ್ಪುತ್ತೇನೆ. ಆದರೆ ಪ್ರಣಾಳಿಕೆ ಬರೆದದ್ದು ಪಕ್ಷ. ಸದನಕ್ಕೆ ಉತ್ತರ ಹೇಳುವುದು ಸಂಪುಟ. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿಯವರು 2021ರ ಜುಲೈ 28ರಂದು ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು, ಆಗಸ್ಟ್ 4ರಂದು ಇಪ್ಪತ್ತೊಂಬತ್ತು ಜನ ಸೇರಿದರು. ಇಲ್ಲಿಗೆ ಎಲ್ಲ ಪಕ್ಷದವರಿಗೂ ಸಮಪಾಲು ಹಂಚಿದಂತಾಯಿತು.

ಸಂವಿಧಾನ ಬರೆದವರು ಇದನ್ನು ಊಹಿಸಿದ್ದರು. 167ನೇ ವಿಧಿಯ ಕೊನೆಯ ಖಂಡ ನೋಡಿ. ಒಬ್ಬ ಮಂತ್ರಿ ಒಂಟಿಯಾಗಿ ತೀರ್ಮಾನಿಸಿದ, ಮಂತ್ರಿಮಂಡಲ ಚರ್ಚಿಸದ ವಿಷಯವನ್ನು ಮಂಡಲದ ಮುಂದೆ ಇಡಿ ಎಂದು ರಾಜ್ಯಪಾಲರು ಹೇಳಬಹುದು. ರಾಜಭವನಕ್ಕೆ ಇದಕ್ಕಿಂತ ಸಭ್ಯವಾದ, ಇದಕ್ಕಿಂತ ಉಪಯೋಗದ ಅಧಿಕಾರ ಬೇರೊಂದಿಲ್ಲ. ಸರ್ಕಾರ ಉರುಳಿಸುವುದಿಲ್ಲ, ಮಸೂದೆ ತಡೆಯುವುದಿಲ್ಲ, 'ನೀವೆಲ್ಲ ಕೂತು ಮಾತನಾಡಿದಿರಾ?' ಎಂದಷ್ಟೇ ಕೇಳುತ್ತದೆ. ರಾಜಭವನದ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂದಾಗಲೆಲ್ಲ 356 ಇರುತ್ತದೆ, ಮಸೂದೆಗಳ ಅಂಕಿತದ 200 ಇರುತ್ತದೆ. 167 ಕಂಡ ನೆನಪು ನನಗಿಲ್ಲ.

ಸಮಯವಾಯಿತು. ಉಪಮುಖ್ಯಮಂತ್ರಿ ಹುದ್ದೆಯ ಬಗ್ಗೆ ಬರೆದುಕೊಂಡು ಬಂದಿದ್ದೆ. ಸಂವಿಧಾನದಲ್ಲಿ ಆ ಹೆಸರೇ ಇಲ್ಲ, ನಮ್ಮಲ್ಲಿ ಒಮ್ಮೆ ಮೂವರಿದ್ದರು, ಅಷ್ಟು ಸಾಕು. ನಿಗಮ ಮಂಡಳಿಗಳನ್ನು ಬಿಡುತ್ತೇನೆ. ಉಸ್ತುವಾರಿ ಸಚಿವರು ಜಿಲ್ಲೆಯ ಅಭಿವೃದ್ಧಿ ಕೆಲಸ ಪರಿಶೀಲಿಸುವ ತ್ರೈಮಾಸಿಕ ಕೆಡಿಪಿ ಸಭೆಗಳನ್ನೂ ಬಿಡುತ್ತೇನೆ, ಅವು ಎಷ್ಟು ತಿಂಗಳಿಗೊಮ್ಮೆ ನಡೆಯುತ್ತವೆಂದು ನೀವೇ ನೋಡುತ್ತಿದ್ದೀರಿ. ಮಸೂದೆಗಳ ವಿಷಯಕ್ಕೆ ಇನ್ನೊಂದು ಸಂಜೆ ಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹಚ್ಚಿ ಮುಗಿಸುತ್ತೇನೆ. ನಿಮ್ಮ ತಾಲ್ಲೂಕಿಗೆ ಸಂಬಂಧಿಸಿದ ಯಾವುದಾದರೂ ಒಂದು ಸರ್ಕಾರಿ ಆದೇಶ ಹಿಡಿಯಿರಿ. ಕೆರೆ, ಶಾಲೆ, ರಸ್ತೆ, ಯಾವುದಾದರೂ ಆದೀತು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ, ಅದರ ಟಿಪ್ಪಣಿ ಹಾಳೆಗಳನ್ನು ಕೇಳಿ. ಸಂಪುಟಕ್ಕೆ ಹೋಗಿದ್ದರೆ ಯಾವ ದಿನ ಹೋಯಿತು, ಆದೇಶದ ದಿನಾಂಕಕ್ಕೆ ಮೊದಲೋ ಆಮೇಲೋ ಎಂದು ಕೇಳಿ. ಸಂಪುಟದ ಕಾಗದ ಕೊಡಲಾಗದು ಎಂದು ಉತ್ತರ ಬರುತ್ತದೆ, ಅದಕ್ಕೆ ಬೆದರಬೇಡಿ. ಅದೇ ಕಾಯ್ದೆಯ 8(1)(ಐ) ಪ್ರಕಾರ ನಿರ್ಧಾರವಾಗಿ ವಿಷಯ ಮುಗಿದ ಮೇಲೆ ನಿರ್ಧಾರವನ್ನೂ ಅದರ ಕಾರಣಗಳನ್ನೂ ಆಧಾರಗಳನ್ನೂ ಬಹಿರಂಗಪಡಿಸಲೇಬೇಕು. ಆ ಸಾಲನ್ನು ಮೇಲ್ಮನವಿಯಲ್ಲಿ ಉದ್ಧರಿಸಿ. ಅರ್ಜಿ ಮಾತ್ರ ಒಂದೇ ವಿಷಯಕ್ಕೆ ಸೀಮಿತವಾಗಿರಲಿ, 150 ಪದ ಮೀರದಿರಲಿ. ಕರ್ನಾಟಕದ ನಿಯಮ ಹಾಗಿದೆ, ನನ್ನಂಥವರು ಬರೆಯಬಾರದೆಂದೇ ಮಾಡಿದ್ದು ಎಂದು ನನ್ನ ಗುಮಾನಿ.

ಯಾರೋ ಹಿಂದಿನ ಸಾಲಿನಲ್ಲಿ ಆಗಲಿಂದ ಕೈ ಎತ್ತಿದ್ದಾರೆ. ಅಧ್ಯಕ್ಷರು ಅವಕಾಶ ಕೊಟ್ಟರೆ ಅವರ ಪ್ರಶ್ನೆಯಿಂದಲೇ ಶುರು ಮಾಡೋಣ. ನಮಸ್ಕಾರ.