ಹೊಸ ಡಿವೈಸ್ ಅಂದ ಕೂಡಲೇ ಗಂಟೆ ನೋಡಿ

ಕೇಳುಗರಿಗೆ ನಮಸ್ಕಾರ. ಕೆಲವರು ದೋಸೆ ಎರೆಯುತ್ತಿರಬಹುದು, ಕೆಲವರು ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿರಬಹುದು. ಕೈ ಕೆಲಸ ನಡೀಲಿ, ಕಿವಿ ಮಾತ್ರ ಇಲ್ಲಿ ಕೊಡಿ.

‘ಹೊಸ ಡಿವೈಸ್‌ನಿಂದ ನಿಮ್ಮ ಖಾತೆಗೆ ಲಾಗಿನ್ ಆಗಿದೆ, ಇದು ನೀವೇನಾ?’ ಅಂತ ಮೆಸೇಜ್ ಬರುತ್ತದೆ ಅಲ್ವಾ? ಬಂದ ಕೂಡಲೇ ಅದರಲ್ಲಿರುವ ಗಂಟೆ ನೋಡಿ. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ವೆಬ್‌ಸೈಟಿಗೆ ನಿಮ್ಮ ಮುಖ ಗೊತ್ತಿಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅದು ನಿಮ್ಮನ್ನು ಮರೆತಿರುತ್ತದೆ. ಅದಕ್ಕೇ ಲಾಗಿನ್ ಆದಾಗ ನಿಮ್ಮ ಬ್ರೌಸರಿಗೆ ಒಂದು ಚೀಟಿ ಕೊಡುತ್ತದೆ. ಹೆಸರು ಕುಕೀ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಅನ್ನುವವರು ಇದನ್ನು ತಂದರು. ಚೀಟಿ ಇದ್ದರೆ ನೀವು ಪರಿಚಯದವರು. ಚೀಟಿ ಅಳಿಸಿಹೋದರೆ, ಅದೇ ಲ್ಯಾಪ್‌ಟಾಪ್, ಅದೇ ಮನೆ, ಆದರೂ ನೀವು ಹೊಸಬರು.

ಶಿರಸಿ ಹತ್ತಿರ ನಮ್ಮ ಭಾವನ ಮನೆ. ಒಂದು ಆಷಾಢದಲ್ಲಿ ಮೂರು ದಿನ ಕರೆಂಟಿಲ್ಲ. ಬಂದ ರಾತ್ರಿ ಭಾವ ಲ್ಯಾಪ್‌ಟಾಪ್ ತೆಗೆದ. ಅದು ನಿಧಾನವಾಗಿದೆ ಅಂತ ಹಿಂದಿನ ವಾರವಷ್ಟೇ ಅವನ ಮಗ ಎಲ್ಲ ಕ್ಲೀನ್ ಮಾಡಿಟ್ಟಿದ್ದ, ಚೀಟಿಗಳೂ ಅದರ ಜೊತೆಗೇ ಹೋಗಿದ್ದವು. ಜಗಲಿಯ ತುದಿಗೆ ಹೋದರೆ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್. ಅಲ್ಲೇ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಇಮೇಲಿಗೆ ಲಾಗಿನ್ ಆದ. ಫೋನು ಟಣ್ ಅಂತು. ‘ಹೊಸ ಡಿವೈಸ್, ಮುಂಬೈ.’ ಮುಂಬೈ ಅಂತ ಓದಿದ್ದೇ ಭಾವನ ಕೈ ನಡುಗಿತಂತೆ. ಅಡಿಕೆ ಮಾರಿದ ಹಣ ಇರುವ ಬ್ಯಾಂಕ್ ಖಾತೆಗೂ ಅದೇ ಇಮೇಲ್ ಕೊಟ್ಟಿದ್ದ. ‘ಇದು ನಾನಲ್ಲ’ ಅಂತ ಒತ್ತಿಬಿಟ್ಟ. ಖಾತೆ ಲಾಕ್. ಮತ್ತೆ ತೆರೆಯೋಣ ಅಂದರೆ ಕೋಡ್ ಹೋಗುವುದು ಅವನು ಯಾವತ್ತೋ ಬಿಟ್ಟ ಹಳೆ ನಂಬರಿಗೆ.

ನನಗೆ ಫೋನ್ ಬಂತು. ‘ಮೆಸೇಜಿನಲ್ಲಿ ಗಂಟೆ ಎಷ್ಟಿದೆ ಭಾವ?’ ಅಂದೆ. ‘ಎಂಟು ನಲವತ್ತೆರಡು.’ ‘ಆಗ ನೀನು ಏನು ಮಾಡ್ತಾ ಇದ್ದೆ?’ ಸುಮಾರು ಹೊತ್ತು ಮಳೆಯ ಸದ್ದೊಂದೇ ಕೇಳಿಸಿತು. ‘ನಾನೇ ಲಾಗಿನ್ ಆಗ್ತಾ ಇದ್ದೆ’ ಅಂದ. ಖಾತೆ ಕೈಗೆ ಸಿಗಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ರಾತ್ರಿ ಅವನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅದು ನನಗೆ ಈಗಲೂ ಬೇಜಾರು.

ಮುಂಬೈ ಎಲ್ಲಿಂದ ಬಂತು? ಮೊಬೈಲ್ ಕಂಪನಿ ನಿಮ್ಮನ್ನು ಯಾವ ಊರಿನ ಮೂಲಕ ಇಂಟರ್ನೆಟ್ಟಿಗೆ ಬಿಡುತ್ತದೋ ಆ ಊರಿನ ಹೆಸರು ಬಂದುಬಿಡಬಹುದು. ಊರಿನ ಹೆಸರು ಬರೀ ಅಂದಾಜು. ಗಂಟೆ ಅಂದಾಜಲ್ಲ. ‘ಊರು ತಪ್ಪಿರಬಹುದು’ ಅಂತ ಆ ಮೆಸೇಜಿನಲ್ಲೇ ದೊಡ್ಡದಾಗಿ ಬರೆಯಲು ಈ ಕಂಪನಿಗಳಿಗೆ ಏನು ಕಷ್ಟ?

ಸಮಯ ಆಗ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೆಸೇಜಿನ ಲಿಂಕ್ ಒತ್ತಬೇಡಿ, ಕಳ್ಳರೂ ಥೇಟ್ ಅಂಥದ್ದೇ ಕಳಿಸುತ್ತಾರೆ. ನೀವೇ ಆ ಆ್ಯಪ್ ತೆರೆದು ಸೆಕ್ಯುರಿಟಿ ಅಂತ ಇರುವ ಕಡೆ ಡಿವೈಸ್‌ಗಳ ಪಟ್ಟಿ ನೋಡಿ. ಗಂಟೆ ಹೊಂದುವುದಿಲ್ಲ, ಆಗ ನೀವು ಲಾಗಿನ್ ಆಗಿರಲೇ ಇಲ್ಲ ಅಂದರೆ ತಡ ಮಾಡದೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಡಿವೈಸ್‌ನಿಂದ ಲಾಗ್‌ಔಟ್ ಒತ್ತಿ. ಅರ್ಜಿ ತುಂಬುವಾಗ ವೆಬ್‌ಸೈಟು ಅರ್ಧಕ್ಕೇ ಹೊರಗೆ ಹಾಕುತ್ತದೆ ಅಂತ ತುಂಬ ಜನ ಬೈಯುತ್ತಾರೆ. ಆ ಚೀಟಿಗೂ ಅವಧಿ ಇದೆ, ಉದ್ದ ಬರೆಯುವುದನ್ನು ಬೇರೆ ಕಡೆ ಬರೆದಿಟ್ಟುಕೊಂಡು ಕೂರಿ. ಹಳೆ ಫೋನ್ ನಂಬರ್ ಇದ್ದರೆ ಇವತ್ತೇ ಬದಲಿಸಿ, ನಾಳೆ ಅನ್ನಬೇಡಿ.

ಹಣವೇ ಹೋಗಿದ್ದರೆ ನನಗಲ್ಲ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮಸ್ಕಾರ.